ಎರಡು ಡಿಗ್ರಿ ಎಲ್ಲಿಂದ ಬಂತು

ಡಿಸೆಂಬರಿನ ಆ ಗುರುವಾರದ ಪುಟ ನನ್ನ ಡೈರಿಯಲ್ಲಿ ಹೀಗೆ ಶುರುವಾಗುತ್ತದೆ: “ಟಿ. ನರಸೀಪುರ ದಾಟಿ ಹೆಮ್ಮಿಗೆ ಕಡೆ. ಅಕ್ಕಿ ಮಿಲ್ಲು. ದೂರು: ಪ್ಲಾಟ್‌ಫಾರಂ ಪೂರ್ತಿ ಏಳುತ್ತಿಲ್ಲ. ಮಂಜು ಜಾಸ್ತಿ.”

ವ್ಯಾನಿನಲ್ಲಿ ಪಕ್ಕದಲ್ಲೇ ಕೂತಿದ್ದ ಅಕ್ಕ ಅದನ್ನು ಓದಿ, “ಮಂಜು ಯಾಕೆ?” ಅಂದರು.

“ಚಳಿಗೆ ಸೆನ್ಸರ್ ಅಂಕಿ ಜರುಗತ್ತೆ ಅಂತ ನೀವೇ ಹೇಳಿದ್ರಲ್ಲ.”

“ಕೂದಲೆಳೆಯಷ್ಟು ಜರುಗತ್ತೆ. ಪ್ಲಾಟ್‌ಫಾರಂ ನಿಲ್ಲಿಸೋವಷ್ಟಲ್ಲ. ಇರ್ಲಿ ಬಿಡು, ಬರ್ದಿದ್ದು ಬರ್ದಾಯ್ತು.”

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಕಂಪನಿ. ಯಂತ್ರಗಳಿಗೆ ಸೆನ್ಸರ್ ಕೂರಿಸುವುದು, ತೊಂದರೆ ಬಂದರೆ ಹೋಗಿ ನೋಡುವುದು ನಮ್ಮ ಕೆಲಸ. ಅಲ್ಲಿನ ಸೀನಿಯರ್ ಇಂಜಿನಿಯರ್ ಅವರು. ಡಿಪ್ಲೊಮಾ ಮುಗಿಸಿ ತಗಡೂರಿನ ಕಡೆಯಿಂದ ದಿನಾ ಬಸ್ಸು ಹಿಡಿದು ಬರುವ ನನಗೆ ಕೆಲಸ ಕಲಿಸಿದವರೂ ಅವರೇ. ಮೊದಲ ವಾರ ಮೇಡಂ ಎನ್ನುತ್ತಿದ್ದೆ. “ಮೇಡಂ ಅನ್ನೋರು ನನ್ನ ಡಬ್ಬೀಲಿ ಕೈ ಹಾಕಿ ಚಿತ್ರಾನ್ನ ತಿನ್ನಲ್ಲ ಕಣೇ,” ಎಂದ ಮೇಲೆ ಅಕ್ಕ ಆದರು.

ನಾನು ಹೋದ ಕಡೆಯೆಲ್ಲ ಒಂದೊಂದು ಪುಟ ಬರೆಯುತ್ತೇನೆ. ಯಾವ ದಿನ, ಎಲ್ಲಿ, ಹೋದಾಗ ಅಂಕಿ ಎಷ್ಟಿತ್ತು, ಹೊರಡುವಾಗ ಎಷ್ಟಾಯಿತು, ಕಾರಣ ಏನು. ತಿಂಗಳ ಕೊನೆಗೆ ಕಾರಣಗಳನ್ನು ಗೆರೆ ಎಳೆದು ಎಣಿಸುತ್ತೇನೆ. ಇಲಿ ಕಡಿದ ವೈರು ಯಾವಾಗಲೂ ಮೊದಲು. ಕನೆಕ್ಟರ್ ಒಳಗೆ ನೀರು ಇಳಿದದ್ದು ಎರಡನೆಯದು. ಸೆನ್ಸರ್ ತಾನಾಗಿ ಕೆಟ್ಟದ್ದಕ್ಕೆ ಗೆರೆ ಬೀಳುವುದು ಬಹಳ ಕಡಿಮೆ. ಈ ಎಣಿಕೆಯಿಂದಲೇ ನನಗೆ ಆ ಪುಟ್ಟ ವಸ್ತುವಿನ ಮೇಲೆ ಗೌರವ ಬೆಳೆದದ್ದು.

ಓರೆ ಅಳೆಯುವ ಸೆನ್ಸರ್ ನೋಡಲು ಏನೂ ಅಲ್ಲ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ, ಮೂರು ಸ್ಕ್ರೂ, ಒಂದು ವೈರು, ಮುಖದ ಮೇಲೆ ಸಾಸಿವೆಯಷ್ಟು ಹಸಿರು ದೀಪ. ಗಾರೆಯವರ ರಸಮಟ್ಟದಲ್ಲಿ ಗುಳ್ಳೆ ಓಡಾಡುವುದು ಕಣ್ಣಿಗೆ ಕಾಣುತ್ತದೆ. ಇದರಲ್ಲಿ ಏನೂ ಕಾಣುವುದಿಲ್ಲ. ಒಳಗಿನ ಚಿಪ್‌ನಲ್ಲಿ ಕಣ್ಣಿಗೆ ಸಿಗದಷ್ಟು ಸಣ್ಣ ಸಿಲಿಕಾನ್ ತುಣುಕೊಂದು ಕೂದಲಿಗಿಂತ ತೆಳ್ಳನೆಯ ಸ್ಪ್ರಿಂಗುಗಳಲ್ಲಿ ತೂಗುತ್ತಿರುತ್ತದೆ. ಪೆಟ್ಟಿಗೆ ಓರೆಯಾದರೆ ಭೂಮಿಯ ಸೆಳೆತಕ್ಕೆ ಆ ತುಣುಕು ಒಂದು ಬದಿಗೆ ಜಗ್ಗುತ್ತದೆ. ಅದಕ್ಕೆ ಬಾಚಣಿಗೆಯಂತೆ ಹಲ್ಲುಗಳಿವೆ. ಎದುರಿಗೆ ಅಲುಗದ ಇನ್ನೊಂದು ಬಾಚಣಿಗೆ. ಎರಡರ ಹಲ್ಲುಗಳ ನಡುವಿನ ಸಂದು ಹಿಗ್ಗಿದರೂ ಕುಗ್ಗಿದರೂ ಅಲ್ಲಿ ನಿಲ್ಲುವ ವಿದ್ಯುತ್ತು ಹೆಚ್ಚುಕಡಿಮೆ ಆಗುತ್ತದೆ. ಅದನ್ನು ಲೆಕ್ಕ ಹಾಕಿ ಇಷ್ಟು ಡಿಗ್ರಿ ಎನ್ನುತ್ತದೆ. ಯಂತ್ರ ನಡುಗುವಾಗ ತುಣುಕೂ ನಡುಗುವುದರಿಂದ ಒಂದು ಸಲ ನೋಡಿ ಉತ್ತರ ಕೊಡುವುದಿಲ್ಲ. ಕ್ಷಣದೊಳಗೆ ಎಷ್ಟೋ ಸಲ ನೋಡಿ, ಸರಾಸರಿ ತೆಗೆದು, ಆಮೇಲೆ ಹೇಳುತ್ತದೆ. ನನಗೆ ಗೊತ್ತಿರುವ ಮನುಷ್ಯರಲ್ಲಿ ಅಷ್ಟು ತಾಳ್ಮೆ ಇರುವವರು ಅಕ್ಕ ಒಬ್ಬರೇ.

ಅದಕ್ಕೆ ಒಂದು ಮಿತಿಯೂ ಇದೆ. ಅದು ಹೇಳುವುದು ತನ್ನ ಓರೆಯನ್ನು ಮಾತ್ರ. ತಾನು ಕೂತ ಯಂತ್ರದ ಓರೆ ಎಷ್ಟು ಎಂಬುದನ್ನು ನಾವು ಅದರಿಂದ ಊಹಿಸಬೇಕು.

ಮಿಲ್ಲಿನ ಮುಂದೆ ಭತ್ತದ ಟ್ರ್ಯಾಕ್ಟರುಗಳು ರಸ್ತೆಯವರೆಗೂ ನಿಂತಿದ್ದವು. ಅಲ್ಲಿನ ಪ್ಲಾಟ್‌ಫಾರಂ ಎಂದರೆ ನೆಲದ ಮಟ್ಟಕ್ಕೆ ಹಾಸಿದ ದೊಡ್ಡ ಉಕ್ಕಿನ ಹಲಗೆ. ಟ್ರೈಲರನ್ನು ಅದರ ಮೇಲೆ ನಿಲ್ಲಿಸಿ ಸರಪಳಿ ಬಿಗಿದು ಲಿವರ್ ಎಳೆದರೆ, ಅಡಿಯಲ್ಲಿರುವ ಎರಡು ಹೈಡ್ರಾಲಿಕ್ ಜಾಕುಗಳು ಹಲಗೆಯ ಒಂದು ತುದಿಯನ್ನು ಎತ್ತುತ್ತವೆ. ಟ್ರೈಲರ್ ಹಿಂದಕ್ಕೆ ವಾಲಿ ಭತ್ತವೆಲ್ಲ ಹಲಗೆಯ ಹಿಂದಿನ ಗುಂಡಿಗೆ ಸುರಿಯುತ್ತದೆ. ನಲವತ್ತೆರಡು ಡಿಗ್ರಿಗೆ ಸೆನ್ಸರ್ ಸಾಕು ಎನ್ನುತ್ತದೆ, ವಾಲ್ವು ಮುಚ್ಚಿಕೊಳ್ಳುತ್ತದೆ, ಕೆಂಪು ದೀಪ ಬರುತ್ತದೆ. ಅದಕ್ಕಿಂತ ಮೇಲೆ ಹೋದರೆ ಸರಪಳಿಯ ಮೇಲೆ ಭಾರ ಬಿದ್ದು ಟ್ರೈಲರೇ ಜಾರೀತು. ಈಗ ಮೂರು ದಿನದಿಂದ ಕೆಂಪು ದೀಪ ಬೇಗ ಬರುತ್ತಿತ್ತು. ಹಸಿ ಭತ್ತ ಬೇರೆ; ಪ್ರತಿ ಟ್ರೈಲರಿನ ಮೂಲೆಯಲ್ಲೂ ಗುಡ್ಡೆ ಉಳಿಯುತ್ತಿತ್ತು. ಇಬ್ಬರು ಆಳು ಮೇಲೆ ಹತ್ತಿ ಸಲಿಕೆಯಲ್ಲಿ ಎಳೆದು ಹಾಕುತ್ತಿದ್ದರು.

ನಾವು ಇಳಿಯುವುದಕ್ಕೂ ಮಿಲ್ಲಿನ ಮಾಲೀಕರ ಗಂಟಲು ಕೇಳಿಸುವುದಕ್ಕೂ ಸರಿಹೋಯಿತು.

“ಬನ್ನಿ ಮೇಡಮ್ನೋರೆ, ನೋಡಿ ಈ ಪುಣ್ಯಾತ್ಮ ಏನ್ ಮಾಡವ್ನೆ ಅಂತ. ಪ್ಲಾಟ್‌ಫಾರಂ ಸೊಟ್ಟ ಮಾಡಿ ಕೂತವ್ನೆ.”

ಪುಣ್ಯಾತ್ಮ ಅಂದರೆ ಆಪರೇಟರ್. ಐವತ್ತರ ಹತ್ತಿರದ ಮನುಷ್ಯ, ತಲೆಗೆ ಟವೆಲ್ಲು ಸುತ್ತಿಕೊಂಡು ಲಿವರಿನ ಪಕ್ಕದ ಕಬ್ಬಿಣದ ಸ್ಟೂಲಿನ ಮೇಲೆ ಕೂತಿದ್ದವರು ಎದ್ದು ನಿಂತರು.

“ನಾ ಯಾಕ್ ಸೊಟ್ಟ ಮಾಡ್ಲಿ ಸಾ. ಒತ್ತಾರೆ ಒಂದು ದಪ ಗ್ರೀಸು, ಸಾಯಂಕಾಲ ಒಂದು ದಪ ಗ್ರೀಸು. ನನ್ ಎಂಡ್ರುನೂ ಇಂಗೆ ನೋಡ್ಕಂಡಿಲ್ಲ.”

“ಅದ್ಕೇ ಅವ್ಳೂ ಬೈತಾಳೆ, ನಾನೂ ಬೈತೀನಿ. ಓದ್ ಸುಗ್ಗೀಲಿ ದೊಡ್ಡ ಲಾರಿ ಅತ್ತಿಸಿದ್ಯಾ ಇಲ್ವಾ? ಅವತ್ತೇ ಅಡೀಲಿರೋ ಕಬ್ಬಿಣದ ಪ್ರೇಮು ಬೆಂಡಾಗದೆ.”

“ಮಾದಪ್ಪನಾಣೆ ಅತ್ತಿಸಿಲ್ಲ ಸಾ.”

“ಆಣೆ ಮಾಡಿದ್ರೆ ಪ್ಲಾಟ್‌ಫಾರಂ ಎದ್ದದೇನ್ಲಾ? ಸೋಮವಾರದಿಂದ ಬೇರೆ ಆಪರೇಟರ್ ಬತ್ತಾನೆ. ನೀ ಓಗಿ ಮೂಟೆ ಒರು.”

ಆಪರೇಟರ್ ಹೋಗಿ ತಮ್ಮ ಸ್ಟೂಲಿನ ಮೇಲೆ ಕೂತರು. ಸಲಿಕೆ ಹಿಡಿದಿದ್ದ ಆಳೊಬ್ಬ ಆಮೇಲೆ ನನಗೆ ಹೇಳಿದ: ಅವರು ಹುಡುಗನಾಗಿದ್ದಾಗಿನಿಂದ ಇದೇ ಮಿಲ್ಲಿನಲ್ಲಿ ಮೂಟೆ ಹೊತ್ತವರು. ಸೊಂಟ ಹೋದ ಮೇಲೆಯೇ ಈ ಸ್ಟೂಲು ಸಿಕ್ಕಿದ್ದು. “ಇನ್ನೊಂದ್ ಮೂಟೆ ಒತ್ರೆ ಅವಣ್ಣ ಏಳಾಕಿಲ್ಲ ಕಣಕ್ಕ.”

ಅಕ್ಕ ಲ್ಯಾಪ್‌ಟಾಪ್ ಜೋಡಿಸಿದರು. ಅಲ್ಲಿನ ಪ್ಯಾನಲ್ಲಿನಲ್ಲಿ ಬರೀ ದೀಪಗಳು, ಅಂಕಿ ಕಾಣುವುದಿಲ್ಲ. ಅಂಕಿ ಬೇಕಾದರೆ ನಾವೇ ಹೋಗಬೇಕು. ಹಲಗೆ ನೆಲಕ್ಕೆ ಕೂತಿರುವಾಗ ಸೊನ್ನೆ ತೋರಿಸಬೇಕು. ಎರಡು ಡಿಗ್ರಿ ತೋರಿಸುತ್ತಿತ್ತು. ಅಂದರೆ ಹಲಗೆ ನಲವತ್ತಕ್ಕೆ ಬಂದಾಗಲೇ ಸೆನ್ಸರ್ ನಲವತ್ತೆರಡು ಎಂದು ತಿಳಿದು ನಿಲ್ಲಿಸುತ್ತಿತ್ತು.

“ನೋಡುದ್ರಾ? ಬೆಂಡು!” ಅಂದರು ಮಾಲೀಕರು. “ಈಗ ಸೆನ್ಸರ್ ವೈರು ಕಿತ್ತಾಕಿ. ಸುಗ್ಗಿ ಮುಗ್ದ ಮ್ಯಾಲೆ ನೋಡವ.”

“ಕಿತ್ತರೆ ಅದು ಏಳೋದೇ ಇಲ್ಲ ಸಾರ್. ಸೆನ್ಸರ್ ಉತ್ತರ ಕೊಡದಿದ್ರೆ ವಾಲ್ವು ತೆಗೀಬಾರ್ದು ಅಂತಾನೇ ಮಾಡಿರೋದು.”

“ಅದ್ಯಾಕಂಗೆ ಮಾಡಿದ್ರಿ?”

“ನಿಮ್ಮಂಥೋರು ಕಿತ್ತಾಕಿ ಅಂತೀರಲ್ಲ, ಅದಕ್ಕೆ.”

ಸಾಲಿನಲ್ಲಿದ್ದ ಡ್ರೈವರುಗಳು ನಕ್ಕರು. ಮಾಲೀಕರೂ ಸ್ವಲ್ಪ ನಕ್ಕರು. ಆಮೇಲೆ ಗಡಿಯಾರ ನೋಡಿಕೊಂಡರು.

ನನಗೆ ಒಂದು ದಾರಿ ಹೊಳೆದಿತ್ತು. ಲ್ಯಾಪ್‌ಟಾಪಿನಲ್ಲಿ ಒಂದು ಬಟನ್ ಇದೆ. ಒತ್ತಿದರೆ ಈಗ ಇರುವ ಸ್ಥಿತಿಯೇ ಸೊನ್ನೆ ಎಂದು ಸೆನ್ಸರ್ ಒಪ್ಪಿಕೊಳ್ಳುತ್ತದೆ. ಎರಡು ಡಿಗ್ರಿ ಕಳೆದುಹೋಗುತ್ತದೆ, ಪ್ಲಾಟ್‌ಫಾರಂ ಪೂರ್ತಿ ಏಳುತ್ತದೆ, ಎಲ್ಲರಿಗೂ ಸಮಾಧಾನ. ಅಕ್ಕನ ಕಿವಿಯ ಹತ್ತಿರ ಹೇಳಿದೆ.

“ಒತ್ತಬಹುದು,” ಅಂದರು ಅಕ್ಕ. “ಎರಡು ಡಿಗ್ರಿ ಎಲ್ಲಿಂದ ಬಂತು?”

“ಗೊತ್ತಿಲ್ಲ.”

“ಫ್ರೇಮು ನಿಜವಾಗ್ಲೂ ಬೆಂಡಾಗಿದ್ರೆ? ಸೊನ್ನೆ ಒತ್ತಿ ಅದನ್ನ ಮುಚ್ಚಿಟ್ಟಂಗಾಯ್ತು. ಬೆಂಡಾಗಿಲ್ದೆ ಇದ್ರೆ? ಆ ಯಣ್ಣನ ಮೇಲೆ ಬಂದ ಮಾತು ಹಂಗೇ ಉಳೀತು. ಎರಡೂ ತಪ್ಪು ಕಣೇ.”

ಹಲಗೆಯ ಮೇಲೆಯೇ ಮಟ್ಟ ಇಟ್ಟು ನೋಡಿದೆವು. ಏನೂ ತಿಳಿಯಲಿಲ್ಲ. ಟೈರು ಜಾರದಿರಲಿ ಎಂದು ಉಬ್ಬು ಗೀರು ಹಾಕಿದ ತಗಡು ಅದು. ವರ್ಷಗಟ್ಟಲೆ ಟ್ರೈಲರ್ ಹತ್ತಿ ಅಲ್ಲಲ್ಲಿ ತಗ್ಗಾಗಿತ್ತು. ಒಂದು ಕಡೆ ಒಂದು ಡಿಗ್ರಿ, ಒಂದು ಮೊಳ ಆಚೆ ಸೊನ್ನೆ, ಇನ್ನೊಂದು ಕಡೆ ಮೂರು. ಬರೆದುಕೊಂಡಷ್ಟೂ ಗೊಂದಲವಾಯಿತು. ಫ್ರೇಮಿನ ನಿಜ ತಿಳಿಯಬೇಕಾದರೆ ಹಲಗೆ ಎತ್ತಿ, ಜಾಕುಗಳಿರುವ ಅಡಿಯ ಗುಂಡಿಗೆ ಇಳಿದು, ಸೆನ್ಸರ್ ಕೂರುವ ಪೀಠವನ್ನೇ ನೋಡಬೇಕು. ಪೀಠ ಎಂದರೆ ದೊಡ್ಡ ತೊಲೆಗೆ ಬೆಸುಗೆ ಹಾಕಿ ಯಂತ್ರದಲ್ಲಿ ಕೆತ್ತಿ ನಯ ಮಾಡಿದ ಅಂಗೈಯಗಲದ ಜಾಗ. ಧೂಳು ಬೀಳದಂತೆ ಅದರ ಮೇಲೆ ತಗಡಿನ ಮುಚ್ಚಳ ಇರುವುದರಿಂದ ಹೊರಗಿನಿಂದ ಸೆನ್ಸರೂ ಕಾಣುವುದಿಲ್ಲ, ಪೀಠವೂ ಕಾಣುವುದಿಲ್ಲ.

“ಅರ್ಧ ಗಂಟೆ ನಿಲ್ಲಿಸ್ಬೇಕು ಸಾರ್.”

“ಅರ್ಧ ಗಂಟೆನಾ! ಸಾಲು ನೋಡಿ ಮೇಡಮ್ನೋರೆ, ಸೋಮನಾಥಪುರದಿಂದ ಬಂದೋರು ಒತ್ತಾರೆಯಿಂದ ನಿಂತವ್ರೆ.”

“ಇಲ್ಲಿವರ್ಗೂ ಸಲಿಕೇಲಿ ಎಳ್ದಿದ್ದಕ್ಕೆ ಎಷ್ಟು ಅರ್ಧ ಗಂಟೆ ಹೋಯ್ತು?”

ಮಾಲೀಕರು ಆಪರೇಟರಿಗೆ ಕೈ ಬೀಸಿದರು. ಆಪರೇಟರ್ ಹಲಗೆ ಎತ್ತಿದರು. ಅಡಿಗೆ ಎರಡು ಉಕ್ಕಿನ ಕಂಬ ಕೊಟ್ಟರು, ಪಿನ್ನು ಹಾಕಿದರು, ಎರಡನ್ನೂ ಒದ್ದು ನೋಡಿದರು. ಆಮೇಲೆ ಪ್ಯಾನಲ್ಲಿಗೆ ಬೀಗ ಹಾಕಿ ಬೀಗದ ಕೈಯನ್ನು ಅಕ್ಕನ ಕೈಗೇ ಕೊಟ್ಟರು. “ನೀವು ಈಚೆ ಬರಗಂಟ ಇದ್ನ ಯಾರ್ಗೂ ಕೊಡ್ಬ್ಯಾಡಿ ಮೇಡಂ, ನನ್ಗೂ ಕೊಡ್ಬ್ಯಾಡಿ.” ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಅಕ್ಕ ನನ್ನ ಕಡೆ ನೋಡಿದರು. ನಾನು ಅದನ್ನೂ ಬರೆದುಕೊಂಡೆ.

ಗುಂಡಿಯಲ್ಲಿ ತೌಡಿನ ವಾಸನೆ, ಗ್ರೀಸಿನ ವಾಸನೆ. ಅಕ್ಕ ಮುಚ್ಚಳ ತೆಗೆದರು. ನಾನು ಟಾರ್ಚು ಹಿಡಿದಿದ್ದೆ. ಸೆನ್ಸರ್ ತನ್ನ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು, ಮೂರು ಸ್ಕ್ರೂ ಬಿಗಿಯಾಗಿದ್ದವು, ಹಸಿರು ದೀಪ ಉರಿಯುತ್ತಿತ್ತು. ಅಕ್ಕ ಸ್ಕ್ರೂ ಬಿಚ್ಚಿ ಸೆನ್ಸರನ್ನು ಎತ್ತಲು ಹೋದರು. ಬರಲಿಲ್ಲ. ಅಂಟಿಕೊಂಡಿತ್ತು. ಸ್ವಲ್ಪ ತಿರುಚಿದಾಗ ಚಟ್ಟೆಂದು ಬಿಟ್ಟುಕೊಂಡಿತು.

ಅಡಿಯಲ್ಲಿ ಹಳದಿ. ಒಂದು ಅಂಚಿಗೆ ದಪ್ಪನಾಗಿ ಒಣಗಿ ಕಲ್ಲಾದ ಗಂಧ ಮತ್ತು ಅರಿಶಿನ, ಅದರೊಳಗೆ ಹೂತುಹೋದ ನಾಲ್ಕಾರು ಅಕ್ಷತೆ ಕಾಳು.

ಅಕ್ಕ ಆ ಹಳದಿಯನ್ನು ಚಕ್ಕೆಯಾಗಿ ಬಿಡಿಸಿ ಒಂದು ಕಾಗದಕ್ಕೆ ಹಾಕಿಕೊಂಡರು. ಸೆನ್ಸರನ್ನು ಹಾಗೇ ನನ್ನ ಕೈಗಿಟ್ಟು, ಪೀಠವನ್ನು ಬಟ್ಟೆಯಿಂದ ಉಜ್ಜಿ, ಡಿಜಿಟಲ್ ಕೋನಮಾಪಕವನ್ನು ಅದರ ಮೇಲಿಟ್ಟರು. ಇನ್ನೊಂದನ್ನು ಹಲಗೆ ತಿರುಗುವ ಕೀಲಿನ ಹತ್ತಿರದ ತೊಲೆಯ ಮೇಲಿಟ್ಟರು. ಎರಡೂ ಅಂಕಿ ಒಂದೇ. “ಫ್ರೇಮು ನೆಟ್ಟಗಿದೆ. ಬರ್ಕೋ, ಕೆಳಗೆ ಗೆರೆ ಎಳಿ,” ಅಂದರು. ಎಳೆದೆ.

ಮೇಲೆ ಬಂದು ಸೆನ್ಸರಿನ ತಳವನ್ನು ತೊಳೆದು, ಅಕ್ಕನ ಪೆಟ್ಟಿಗೆಯಲ್ಲಿರುವ ಉಜ್ಜಿ ಮಟ್ಟ ಮಾಡಿದ ಉಕ್ಕಿನ ಹಲಗೆಯ ಮೇಲಿಟ್ಟು ಅಂಕಿ ಓದಿದೆವು. ಅದೇ ಜಾಗದಲ್ಲಿ ಹಿಂದುಮುಂದು ತಿರುಗಿಸಿಟ್ಟು ಮತ್ತೆ ಓದಿದೆವು. ಇದು ನನಗೆ ಬಹಳ ಇಷ್ಟದ ಪರೀಕ್ಷೆ. ಇಟ್ಟ ಜಾಗವೇ ಓರೆಯಿದ್ದರೆ ತಿರುಗಿಸಿದಾಗ ಅಷ್ಟೇ ಅಂಕಿ ಎದುರು ಬದಿಗೆ ಬರುತ್ತದೆ, ಎರಡನ್ನೂ ಕೂಡಿದರೆ ಸೊನ್ನೆ. ಸೊನ್ನೆ ಬರದಿದ್ದರೆ ಉಳಿದದ್ದು ಸೆನ್ಸರಿನ ತಪ್ಪು. ಬೇರೆ ಯಾವ ಸಾಕ್ಷಿಯೂ ಬೇಡ, ಅದರ ಮಾತಿಗೆ ಅದೇ ಸಾಕ್ಷಿ. ಸೊನ್ನೆ ಬಂತು. ಸೆನ್ಸರ್ ಸರಿ, ಪೀಠವೂ ಸರಿ. ಎರಡರ ನಡುವೆ ಅಕ್ಷತೆ.

ಹಳದಿ ಚಕ್ಕೆಯನ್ನು ಅಕ್ಕ ಕಾಗದದ ಮೇಲೆ ಇಟ್ಟುಕೊಂಡಿದ್ದರು. ಆಪರೇಟರ್ ಅದನ್ನು ನೋಡಿದರು. ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಇದು ಆಯುಧಪೂಜೆದು,” ಅಂದರು ಮೆಲ್ಲಗೆ. “ಅಬ್ಬಕ್ಕೆ ತೊಳ್ಯಕೆ ನೀರ್ ಒಡ್ಯೋವಾಗ ಇದ್ನ ಬಿಚ್ಚಿಟ್ಬುಡಿ ಅಂತ ನೀವೇ ಯೋಳಿದ್ರಿ. ಬಿಚ್ಚಿ ಪಾನಾ, ರಿಂಚು ಎಲ್ಲದ್ರ ಜತೆ ತಟ್ಟೇಲಿ ಮಡಗಿದ್ದೆ. ಪೂಜೆ ಆಯ್ತು. ಮಾರ್ನೆ ದಿನ ಅಂಗೇ ತಂದು ಕೂರಿಸ್ದೆ.”

“ಒರೆಸಲಿಲ್ವಾ?” ಎಂದೆ ನಾನು.

“ಪೂಜೆ ಮಾಡಿರೋದ್ನ ಎಂಗವ್ವಾ ಒರ್ಸದು?”

ಹಬ್ಬ ಮುಗಿದ ಮೇಲೆ ಹೊಸ ಭತ್ತ ಬರುವವರೆಗೆ ಮಿಲ್ಲಿನಲ್ಲಿ ಪ್ಲಾಟ್‌ಫಾರಮ್ಮಿಗೆ ಕೆಲಸ ಇರಲಿಲ್ಲ. ಅಷ್ಟರಲ್ಲಿ ಗಂಧ ಒಣಗಿ ಸಿಮೆಂಟಾಗಿತ್ತು. ಮೊದಲ ಲೋಡು ಬಂದಾಗ ಹಬ್ಬ ಯಾರಿಗೂ ನೆನಪಿಲ್ಲ.

ಮಾಲೀಕರಿಗೆ ಅಷ್ಟು ಸಾಕಾಯಿತು. “ನೋಡಿ! ಪ್ರೇಮು ಬೆಂಡಾಗಿಲ್ದೆ ಇರ್ಬೋದು, ಮಾಡ್ದೋನು ಇವ್ನೇ ತಾನೆ? ಲೇ, ನಿಂಗೆ ಬುದ್ಧಿ ಅನ್ನೋದು—”

“ಸಾರ್, ಒಂದ್ನಿಮಿಷ,” ಅಂದರು ಅಕ್ಕ. “ಈ ಅರಿಶಿನ ಆಕಡೆ ಅಂಚಿಗೆ ಇದ್ದಿದ್ರೆ ಏನಾಗೋದು ಗೊತ್ತಾ? ಎರಡು ಡಿಗ್ರಿ ಬೇಗ ನಿಲ್ಲೋ ಬದಲು ಎರಡು ಡಿಗ್ರಿ ತಡವಾಗಿ ನಿಲ್ಲೋದು. ಆವಾಗ ಮೂಲೇಲಿ ಭತ್ತ ಉಳೀತಿರ್ಲಿಲ್ಲ. ನಿಮಗೆ ದೂರೇ ಇರ್ತಿರ್ಲಿಲ್ಲ. ಟ್ರೈಲರ್ ಜಾರೋ ದಿನದವರೆಗೂ.”

ಮಾಲೀಕರು ಸಾಲಿನ ಮೊದಲ ಟ್ರೈಲರನ್ನು ನೋಡಿದರು. ಅದರ ಮುಂದಿನ ಕೊಂಡಿಯ ಮೇಲೆ ಡ್ರೈವರ್ ಕೂತು ಬೀಡಿ ಸೇದುತ್ತಿದ್ದ.

“ಅದ್ಕೇ ಯೋಳ್ತಿರದು, ಇವ್ನ ಕೈಲಿ—”

“ಏನ್ಲಾ ಅದು ಕೂಗಾಟ?”

ಕಚೇರಿ ಮುಂದಿನ ಕಟ್ಟೆಯ ಮೇಲೆ ಬಿಸಿಲು ಕಾಯುತ್ತ, ಹರಡಿದ ಭತ್ತಕ್ಕೆ ಬರುವ ಕೋಳಿಗಳನ್ನು ಕೋಲಿನಲ್ಲಿ ಓಡಿಸುತ್ತಿದ್ದ ಅಜ್ಜಿ ಎದ್ದು ಬಂದರು. ಮಾಲೀಕರ ತಾಯಿ. ಅಕ್ಕನ ಕೈಯಲ್ಲಿದ್ದ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

“ಇದು ನಾನು ಅಚ್ಚಿದ್ದ ಗಂಧ ಅಲ್ವಾ?”

“ನೀನಾ?” ಅಂದರು ಮಗ.

“ಇನ್ಯಾರ್ಲಾ? ತಟ್ಟೇಲಿದ್ದ ಎಲ್ಲಕ್ಕೂ ನಾನೇ ತಾನೇ ಅಚ್ಚೋದು. ಓದೊರ್ಸ ಇದ್ರ ಮೊಕಕ್ಕೆ ಅಚ್ಚಿದ್ದೆ. ದೀಪ ಮುಚ್ಚೋಯ್ತು, ಉರೀತದಾ ಇಲ್ವಾ ಕಾಣಕಿಲ್ಲ ಅಂತ ಬೈದೋನು ಯಾರು? ಮೊಕಕ್ಕೆ ಅಚ್ಬ್ಯಾಡ ಅಂದೋನು ಯಾರು? ಅದ್ಕೇ ಈ ಸಲ ಮೊಕ ಬುಟ್ಟು ಬುಡಕ್ಕೆ ಅಚ್ದೆ. ಅಕ್ಸತೆನೂ ಬುಡಕ್ಕೇ ಆಕ್ದೆ. ತಪ್ಪಾ?”

ಬೀಡಿ ಸೇದುತ್ತಿದ್ದ ಡ್ರೈವರಿಗೆ ಹೊಗೆ ನೆತ್ತಿಗೇರಿ ಕೆಮ್ಮು ಬಂತು. ಮಾಲೀಕರು ತಾಯಿಯನ್ನು ನೋಡಿದರು, ಆಪರೇಟರನ್ನು ನೋಡಿದರು, ಆಮೇಲೆ ನನ್ನನ್ನು ಯಾಕೋ ನೋಡಿದರು. ನಾನು ತಲೆ ತಗ್ಗಿಸಿ ಬರೆಯುತ್ತಿದ್ದೆ.

“ತಪ್ಪೇನಿಲ್ಲ ಅಜ್ಜಿ,” ಅಂದರು ಅಕ್ಕ. “ಮುಚ್ಚಳದ ಮೇಲೆ ಹಚ್ಚಿ. ಅಲ್ಲಿ ಎಷ್ಟಾದ್ರೂ ಹಚ್ಚಿ. ನಮ್ಮದೂ ತಪ್ಪಿದೆ. ಬಿಚ್ಚಿಡಿ ಅಂತ ಹೇಳಿದ್ವಿ. ಕೂರಿಸೋ ಮುಂಚೆ ತಳ ಒರೆಸಿ ಅಂತ ಹೇಳೋಕೆ ನಮಗೆ ಹೊಳೀಲಿಲ್ಲ.”

“ಮುಚ್ಚಳ ಮುಟ್ಟಿದ್ರೆ ಅದ್ಕೆ ತಲುಪ್ತದಾ?”

“ಅದು ಬಹಳ ಸೂಕ್ಷ್ಮ ಅಜ್ಜಿ. ಎಲ್ಲಾ ತಲುಪತ್ತೆ.”

ಅಕ್ಕ ತಮಾಷೆಗೆ ಹೇಳಲಿಲ್ಲ. ಹಾಗೆ ಮಾತಾಡುವುದು ನನಗೆ ಇನ್ನೂ ಬರುವುದಿಲ್ಲ. ನಾನಾಗಿದ್ದರೆ ಮಿಲಿಮೀಟರು ವಿವರಿಸಲು ಹೋಗುತ್ತಿದ್ದೆ.

ಸೆನ್ಸರನ್ನು ಮತ್ತೆ ಕೂರಿಸುವ ಕೆಲಸವನ್ನು ಅಕ್ಕ ಆಪರೇಟರಿಗೇ ಬಿಟ್ಟರು. “ನಮ್ಮ ರಿಪೋರ್ಟಲ್ಲಿ ಇವರ ಕೈಯಿಂದ ಕೂರಿಸಿದ್ದು ಅಂತ ಬರೀಬೇಕು ಸಾರ್. ಮುಂದಿನ ವರ್ಷ ಬಿಚ್ಚೋರು ಇವರೇ ತಾನೇ?” ಎಂದು ಮಾಲೀಕರ ಮುಖ ನೋಡದೆ ಕೇಳಿದರು. ಮಾಲೀಕರು ಮತ್ತೆ ಗಡಿಯಾರ ನೋಡಿಕೊಂಡರು.

ಆಪರೇಟರ್ ಗುಂಡಿಗೆ ಇಳಿದರು. ಪೀಠವನ್ನು ಒರೆಸಿದರು, ಉಗುರಿನಿಂದ ಗೀರಿ ನೋಡಿದರು, ಮತ್ತೆ ಒರೆಸಿದರು. ಸೆನ್ಸರಿನ ತಳವನ್ನು ತಮ್ಮ ಟವೆಲ್ಲಿನಲ್ಲಿ ಒರೆಸುವ ಮುಂಚೆ ಒಂದು ಸಲ ಕಣ್ಣಿಗೆ ಒತ್ತಿಕೊಂಡರು. ಮೂರು ಸ್ಕ್ರೂಗಳನ್ನೂ ಒಂದೇ ಸಲ ಬಿಗಿಯಲಿಲ್ಲ; ಇದಕ್ಕಿಷ್ಟು ಅದಕ್ಕಿಷ್ಟು ಎಂದು ಸುತ್ತು ಬಂದು ಬಿಗಿದರು. ಮೇಲೆ ಬಂದು ಅಕ್ಕನಿಂದ ಬೀಗದ ಕೈ ಇಸಿದುಕೊಂಡು, ಕಂಬ ತೆಗೆದು ಹಲಗೆಯನ್ನು ನೆಲಕ್ಕಿಳಿಸಿದಾಗ ಲ್ಯಾಪ್‌ಟಾಪ್ ಸೊನ್ನೆ ತೋರಿಸಿತು. ಬಟನ್ ಒತ್ತುವ ಅಗತ್ಯವೇ ಬರಲಿಲ್ಲ.

ಸೋಮನಾಥಪುರದ ಟ್ರೈಲರ್ ಹತ್ತಿತು. ಸರಪಳಿ ಬಿಗಿದು ಆಪರೇಟರ್ ಲಿವರ್ ಎಳೆದರು. ನಾನು ಅಂಕಿ ಓದುತ್ತ ಹೋದೆ. ಇಪ್ಪತ್ತು. ಮೂವತ್ತು. ಭತ್ತ ಒಮ್ಮೆ ಜರುಗಿ ನಿಂತಿತು. ಮೂವತ್ತೆಂಟು. ನಲವತ್ತು. ಹಿಂದಿನ ಮೂರು ದಿನ ನಿಂತ ಜಾಗ. ಸಲಿಕೆ ಹಿಡಿದ ಇಬ್ಬರೂ ಸಿದ್ಧವಾಗಿ ನಿಂತಿದ್ದರು. ನಲವತ್ತೊಂದಕ್ಕೆ ಮೂಲೆಯಲ್ಲಿದ್ದ ಗುಡ್ಡೆ ಬಿರುಕು ಬಿಟ್ಟಿತು. ನಲವತ್ತೆರಡಕ್ಕೆ ಕೆಂಪು ದೀಪ ಬಂತು, ಹಲಗೆ ನಿಂತಿತು, ಅದೇ ಹೊತ್ತಿಗೆ ಉಳಿದ ಭತ್ತವೆಲ್ಲ ಒಟ್ಟಿಗೆ ಜಾರಿ ಗುಂಡಿಗೆ ಬಿತ್ತು. ಟ್ರೈಲರಿನ ತಳದ ತಗಡು ಬಿಸಿಲಿಗೆ ಹೊಳೆಯಿತು.

ಮಾಲೀಕರು ಸ್ವಲ್ಪ ದೂರ ಹೋಗಿ ಫೋನು ತೆಗೆದರು. ಅವರಿಗೆ ಮೆತ್ತಗೆ ಮಾತಾಡಲು ಬರುವುದಿಲ್ಲ.

“ಊಂ ಕಣಪ್ಪಾ, ನಾನೇ. ಸೋಮವಾರ ಬರಬ್ಯಾಡ. ಇಲ್ಲ ಇಲ್ಲ, ನಮ್ಮೋನೇ ಅವ್ನೆ. ಊಂ. ನಮ್ಮೋನೇ ಇರ್ತಾನೆ.”

ಆಪರೇಟರ್ ಆ ಕಡೆ ತಿರುಗಲಿಲ್ಲ. ಅವರ ಕೈ ಲಿವರಿನ ಮೇಲಿತ್ತು, ಹಲಗೆ ಇಳಿಯುತ್ತಿತ್ತು. ನಾನು ಎಷ್ಟೋ ಕಡೆ ಎಷ್ಟೋ ಆಪರೇಟರುಗಳು ಇಳಿಸುವುದನ್ನು ಲ್ಯಾಪ್‌ಟಾಪಿನ ತೆರೆಯ ಮೇಲೆ ನೋಡಿದ್ದೇನೆ. ಅಂಕಿ ಹಾರುತ್ತದೆ, ತಡವರಿಸುತ್ತದೆ, ಕೊನೆಗೆ ಧಡ್ ಎಂದು ಸೊನ್ನೆಗೆ ಬೀಳುತ್ತದೆ. ಆವತ್ತು ಮೂವತ್ತು, ಇಪ್ಪತ್ತೊಂಬತ್ತು, ಇಪ್ಪತ್ತೆಂಟು ಎಂದು ಒಂದೊಂದೂ ಸರದಿಯಲ್ಲಿ ಬಂತು. ಕೊನೆಯ ಡಿಗ್ರಿಯಲ್ಲಿ ಅವರು ಇನ್ನೂ ನಿಧಾನ ಮಾಡಿದರು. ಹಲಗೆ ನೆಲ ಮುಟ್ಟಿದ್ದು ಕಿವಿಗೆ ಕೇಳಿಸಲಿಲ್ಲ. ತೆರೆಯ ಮೇಲೆ ಸೊನ್ನೆ ಬಂದು ನಿಂತಾಗಲೇ ನಮಗೆ ಗೊತ್ತಾಗಿದ್ದು.